ಬಾಯಿಪಾಠ ಮಾಡಿಸಬೇಡಿ

ಚೆನ್ನೈನ ಶೋಳಿಂಗನಲ್ಲೂರಿನ ಐಟಿ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರ ಮನೆಗಳಲ್ಲಿ ಊರು ಬಿಟ್ಟು ಬಂದ ವಯಸ್ಸಾದ ತಂದೆತಾಯಿ ಇರುತ್ತಾರೆ. ಅಂಥ ಮನೆಯೊಂದರಲ್ಲಿ ಕೇಳಿದ ಮಾತು: “ನಾಳಿದ್ದು ಅಮ್ಮನಿಗೆ ಮರೆವಿನ ಪರೀಕ್ಷೆ. ತಾರೀಖು, ಪ್ರಧಾನಿ ಹೆಸರು, ನೂರರಿಂದ ಏಳೇಳು ಕಳೆಯೋದು, ಎಲ್ಲ ಬಾಯಿಪಾಠ ಮಾಡಿಸಿದೀವಿ.” ಪ್ರೀತಿಯಿಂದಲೇ ಮಾಡಿದ್ದು, ಆದರೂ ಆ ತಾಯಿಗೆ ಇದರಿಂದ ಅನ್ಯಾಯವೇ ಆಗುತ್ತದೆ.

ಮರೆವಿಗೆಂದು ಮಾಡುವ ನರಮನೋವೈಜ್ಞಾನಿಕ ಪರೀಕ್ಷೆಯಲ್ಲಿ ಪಾಸು, ಫೇಲು ಇಲ್ಲ. ನೆನಪು, ಗಮನ, ಮಾತು, ಯೋಚನೆ ಇವುಗಳಲ್ಲಿ ಯಾವುದು ಗಟ್ಟಿಯಾಗಿದೆ, ಯಾವುದು ಕುಂದಿದೆ ಎಂದು ತಿಳಿಯುವುದು ಅದರ ಉದ್ದೇಶ. ಉರು ಹೊಡೆಸಿದ ಉತ್ತರ ಕುಂದನ್ನು ಮುಚ್ಚಿಡುತ್ತದೆ. ಮರೆವಿಗೆ ಕಾರಣ ಬಿ12 ಕೊರತೆಯೋ ಥೈರಾಯ್ಡೋ ಖಿನ್ನತೆಯೋ ಆಗಿದ್ದರೆ ಚಿಕಿತ್ಸೆಯೇ ತಡವಾಗುತ್ತದೆ.

ಏನೂ ಹೇಳದೆ ಕರೆದೊಯ್ದರೆ ಹಿರಿಯರು ಗಾಬರಿಗೊಂಡು ಗೊತ್ತಿದ್ದದ್ದನ್ನೂ ಮರೆಯುತ್ತಾರೆ ಎಂಬ ವಾದವಿದೆ. ಇದು ನಿಜ, ತಳ್ಳಿಹಾಕುವಂಥದ್ದಲ್ಲ. ಹಾಗಾಗಿ ಅಲ್ಲಿ ಏನು ನಡೆಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಉತ್ತರ ತೋಚದಿದ್ದರೂ ಚಿಂತೆಯಿಲ್ಲ ಎಂದು ಮೊದಲೇ ತಿಳಿಸಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಆಗಲಿ, ಬೆಳಗ್ಗೆ ಹೊಟ್ಟೆ ತುಂಬಿರಲಿ. ಕನ್ನಡಕ, ಕಿವಿಯ ಮಿಷನ್, ನಿದ್ದೆ ಮಾತ್ರೆಯೂ ಸೇರಿದ ಔಷಧಿ ಚೀಟಿ ಜೊತೆಗಿರಲಿ; ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮರೆವು ಎಂದಿನಿಂದ ಶುರುವಾಯಿತು, ಗ್ಯಾಸ್ ಆರಿಸಲು ಮರೆತರೇ, ಚಿಲ್ಲರೆ ಲೆಕ್ಕ ತಪ್ಪಿತೇ, ದಾರಿ ತಪ್ಪಿತೇ, ಇದನ್ನೆಲ್ಲ ಬರೆದುಕೊಂಡು ಹೋಗಿ.

ಇಷ್ಟೆಲ್ಲ ಮಾಡುವವರೂ ಮರೆಯುವುದು ಭಾಷೆಯನ್ನು. ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಹಾಸನದ ಕಡೆಯ ಅಜ್ಜಿ ನಾಲ್ಕಕ್ಕೇ ನಿಂತಾರು. ಕನ್ನಡದಲ್ಲಿ ಕೇಳಿದರೆ ಹಸು, ಎಮ್ಮೆ, ಕಡಸು, ಹೋರಿ ಎಂದು ಕೊಟ್ಟಿಗೆಯಿಂದ ಶುರುಮಾಡಿ ಕಾಡಿನವರೆಗೂ ಹೋದಾರು. ತಾರೀಖು ಕೇಳಿದಾಗ ಏಕಾದಶಿ ಎಂದು ಸರಿಯಾದ ತಿಥಿ ಹೇಳುವವರಿಗೆ ಕಾಲದ ಪರಿವೆ ಇಲ್ಲವೆನ್ನಲು ಹೇಗಾದೀತು? ಪೆನ್ಸಿಲ್ ಹಿಡಿದೇ ಗೊತ್ತಿಲ್ಲದವರು ಗಡಿಯಾರದ ಚಿತ್ರ ಬರೆಯಲು ತಡವರಿಸಿದರೆ ಅದು ರೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆ ಅಂಕಗಳನ್ನು ವಯಸ್ಸು, ಲಿಂಗ, ಓದಿಗೆ ತಕ್ಕಂತೆ ಅಳೆಯುವುದು ಇದಕ್ಕೇ. ಐಸಿಎಂಆರ್ ರೂಪಿಸಿದ ಪರೀಕ್ಷೆಗಳು ಕನ್ನಡವೂ ಸೇರಿ ಐದು ಭಾಷೆಗಳಲ್ಲಿವೆ.

ಮಗ ಪಕ್ಕದಲ್ಲಿ ಕೂತು ಅನುವಾದಿಸಿದರೆ ಸಾಲದು. ಅಮ್ಮ ತಡವರಿಸುವುದನ್ನು ನೋಡಲಾರದೆ ಅವನೇ ಸುಳಿವು ಕೊಟ್ಟುಬಿಡುತ್ತಾನೆ. ಆದ್ದರಿಂದ ದಿನ ಗೊತ್ತುಮಾಡುವಾಗಲೇ ಕೇಳಿ: ಕನ್ನಡದಲ್ಲಿ ಪರೀಕ್ಷೆ ಮಾಡಬಲ್ಲವರು ಇದ್ದಾರೆಯೇ? ಇಲ್ಲವೆಂದರೆ, ತುರ್ತು ಇಲ್ಲದಿದ್ದಲ್ಲಿ, ಬೆಂಗಳೂರಿಗೆ ಕರೆದೊಯ್ಯಿರಿ. ಒಂದು ರಾತ್ರಿಯ ರೈಲು ಪ್ರಯಾಣ ದೊಡ್ಡದಲ್ಲ. ಇಲ್ಲದ ಡಿಮೆನ್ಶಿಯಾದ ಹಣೆಪಟ್ಟಿ ಹೊತ್ತು ಬದುಕುವುದು ದೊಡ್ಡದು.