ವಾರಾನ್ನವೂ ದೇಶಾಂತರ ವಿದ್ಯೆಯೂ

ನಮ್ಮ ತಂದೆಯವರು ವಾರಾನ್ನದಿಂದ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಹೀಗೆ ಏಳು ಮನೆಗಳ ಅನ್ನದಿಂದ ಒಬ್ಬ ಬಡ ಹುಡುಗನ ವಿದ್ಯೆಯು ಸಾಗುತ್ತಿದ್ದಿತು. ಕೊಡುವ ಗೃಹಸ್ಥನಿಗೆ ಅದು ಹೊರೆಯೆನಿಸುತ್ತಿರಲಿಲ್ಲ. ಆದರೆ ಒಂದು ಮನೆಯ ಬಾಗಿಲು ಮುಚ್ಚಿದರೆ ಹುಡುಗನಿಗೆ ಆ ದಿನ ಉಪವಾಸವೇ ಸರಿ.

ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬನು ಬಂದು, “ಮೇಷ್ಟ್ರೇ, ಜಪಾನಿನ ಭಾಷೆ, ಚರಿತ್ರೆಗಳನ್ನು ಅಭ್ಯಸಿಸುವವರಿಗೆ ಕೆಲವು ಸಂಸ್ಥೆಗಳು ಸಹಾಯಧನವನ್ನು ಕೊಡುವುದುಂಟು. ಅದು ಬಹು ಸ್ವಲ್ಪ. ಕೆಲವು ವಾರಗಳ ಪ್ರಯಾಣಕ್ಕೇ ಮುಗಿದುಹೋಗುವುದು. ಇದರಿಂದೇನು ಫಲ?” ಎಂದು ಕೇಳಿದನು. ಅವನಿಗೆ ಹೇಳಿದ ಸಂಗತಿಯನ್ನೇ ವಾಚಕರಿಗೂ ಅರಿಕೆಮಾಡುವೆನು.

೧೮೭೬ರಲ್ಲಿ ಕ್ಯೋಟೋ ನಗರದ ಹಿಗಾಶಿ ಹೊಂಗಾಂಜಿ ಎಂಬ ಬೌದ್ಧ ಮಠವು ನಾಂಜೋ ಬುನ್ಯೂ, ಕಸಹರ ಕೆಂಜು ಎಂಬ ಇಬ್ಬರು ತರುಣ ಸಂನ್ಯಾಸಿಗಳನ್ನು ಇಂಗ್ಲೆಂಡಿಗೆ ಕಳುಹಿಸಿತು. ತಾವು ಚೀನೀ ಭಾಷಾಂತರದಲ್ಲಿ ಪಠಿಸುತ್ತಿದ್ದ ಧರ್ಮಗ್ರಂಥಗಳ ಸಂಸ್ಕೃತ ಮೂಲವನ್ನು ಅರಿಯಬೇಕೆಂಬುದೇ ಅವರ ಹಂಬಲ. ಮೊದಲು ಇಂಗ್ಲಿಷನ್ನು ಕಲಿತು, ೧೮೭೯ರಿಂದ ಆಕ್ಸ್‌ಫರ್ಡಿನ ಮ್ಯಾಕ್ಸ್ ಮುಲ್ಲರ್ ಪಂಡಿತರಲ್ಲಿ ಸಂಸ್ಕೃತಾಭ್ಯಾಸ ಮಾಡಿದರು. ಕಸಹರರು ಕ್ಷಯರೋಗಕ್ಕೆ ಈಡಾಗಿ ೧೮೮೨ರಲ್ಲಿ ಸ್ವದೇಶಕ್ಕೆ ಮರಳಿ, ಮರುವರ್ಷವೇ ತೀರಿಕೊಂಡರು. ಅದೇ ೧೮೮೩ರಲ್ಲಿ ನಾಂಜೋ ಅವರು ಚೀನೀ ತ್ರಿಪಿಟಕದ ೧೬೬೨ ಗ್ರಂಥಗಳ ಸೂಚಿಯನ್ನು ಪ್ರಕಟಿಸಿದರು. ಗುರುವಿನೊಡನೆ ಸುಖಾವತೀವ್ಯೂಹದ ಸಂಸ್ಕೃತ ಪಾಠವನ್ನೂ ಸಂಪಾದಿಸಿದರು. ೧೮೮೫ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನು ಬೋಧಿಸತೊಡಗಿದರು.

ನಮ್ಮ ದೇಶದಲ್ಲಿ ಮೂಲವೇ ನಷ್ಟವಾಗಿ, ಚೀನೀ ಭಾಷಾಂತರದಲ್ಲಿ ಮಾತ್ರ ಉಳಿದ ಗ್ರಂಥಗಳು ಅನೇಕ. ಅವುಗಳನ್ನು ಹುಡುಕುವ ಪಂಡಿತರಿಗೆ ಆ ಸೂಚಿಯು ಕೈದೀವಿಗೆಯಾಯಿತು. ಮಠವು ಇಬ್ಬರು ವಿದ್ಯಾರ್ಥಿಗಳಿಗಾಗಿ ಮಾಡಿದ ವೆಚ್ಚದ ಫಲವು ಮೂರು ದೇಶಗಳಿಗೆ ಸಂದಿತು.

ಮಠವು ಅಂದು ಮಾಡಿದ ಕಾರ್ಯವನ್ನು ಕಾಲಾಂತರದಲ್ಲಿ ಸರ್ಕಾರಗಳೂ ಕೈಗೊಂಡವು. ೧೯೭೨ರಲ್ಲಿ ಜಪಾನ್ ಫೌಂಡೇಶನ್ ಸ್ಥಾಪಿತವಾಯಿತು. ೧೯೭೫ರಲ್ಲಿ ಅಮೆರಿಕದ ಶಾಸನಸಭೆಯು ಜಪಾನ್-ಅಮೆರಿಕ ಸ್ನೇಹ ಆಯೋಗವನ್ನು ಏರ್ಪಡಿಸಿತು. ಯುದ್ಧಾನಂತರದ ನೆರವಿಗಾಗಿಯೂ ಓಕಿನಾವಾ ದ್ವೀಪದಲ್ಲಿ ಬಿಟ್ಟುಕೊಟ್ಟ ಕಟ್ಟಡಗಳಿಗಾಗಿಯೂ ಜಪಾನು ತೆತ್ತ ಹಣದ ಒಂದು ಭಾಗವೇ ಅದರ ಮೂಲಧನ. ಒಮ್ಮೆ ಪರಸ್ಪರ ಕೊಂದ ಎರಡು ಜನಾಂಗಗಳ ನಡುವಣ ಸಾಲವು ಹೀಗೆ ವಿದ್ಯಾದಾನವಾಯಿತು! ಏಷ್ಯಾ ಅಧ್ಯಯನ ಸಂಘದ ಮೂಲಕ ಅದರಿಂದ ಅನೇಕ ವಿದ್ವಾಂಸರಿಗೆ ಚಿಕ್ಕ ಚಿಕ್ಕ ಸಹಾಯಧನಗಳು ದೊರೆತಿವೆ.

ಚಿಕ್ಕ ಧನವು ಪಾಂಡಿತ್ಯವನ್ನು ಕೊಡಲಾರದು. ಅದನ್ನು ವಿದ್ಯಾರ್ಥಿಯು ತನ್ನ ಆಯುಸ್ಸನ್ನೇ ತೆತ್ತು ಕೊಳ್ಳಬೇಕು. ಕಸಹರರು ಕೊಟ್ಟುದರ ಮುಂದೆ ನಾವು ಕೊಡುವುದೆಲ್ಲವೂ ಅಲ್ಪವೇ. ಆದರೆ ತಕ್ಕ ವೇಳೆಗೆ ಒದಗಿದ ಹಡಗಿನ ಬಾಡಿಗೆ, ಒಂದು ಪುಸ್ತಕದ ಬೆಲೆ, ಒಂದು ಹೊತ್ತಿನ ಅನ್ನ ಇವು ಮುಚ್ಚಲಿದ್ದ ಬಾಗಿಲನ್ನು ತೆರೆದಿಡುವುವು.

ನೆರೆಮನೆಯ ಹುಡುಗಿ ಜಪಾನೀ ಭಾಷೆಯನ್ನು ಕಲಿಯುವೆನೆಂದರೆ ನಗಬೇಡಿರಿ. ಸಾಧ್ಯವಾದರೆ ಒಂದು ನಿಘಂಟನ್ನು ಕೊಡಿಸಿರಿ. ಏಳು ಮನೆಗಳಲ್ಲಿ ಒಂದು ಮನೆಯಾದರೆ ಸಾಕು.