ಪೇಜ್‌ಮೇಕರ್ ಅಳಿಸುವ ಮೊದಲು

ಹಳೆಯ ತಂತ್ರಾಂಶವನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸುವುದು ಅಪಾಯಕಾರಿ, ಆದ್ದರಿಂದ ಮುದ್ರಣಾಲಯಗಳು ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರನ್ನು ಕೂಡಲೇ ಅಳಿಸಿಹಾಕಬೇಕು ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಅಪಾಯ ಇರುವುದು ನಿಜ. ಮದ್ದು ಮಾತ್ರ ತಪ್ಪು.

ಪೇಜ್‌ಮೇಕರ್ ಓಡಿಸಲು ಬಳಸುವ ವಿಂಡೋಸ್ ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿತು, ಒಪ್ಪೋಣ. ಆದರೆ ಲೇಖಕರೇ ಉದಾಹರಿಸಿದ 2017ರ ವಾನ್ನಾಕ್ರೈ ಕುತಂತ್ರಾಂಶ ಹರಡಿದ್ದು ನೆಟ್‌ವರ್ಕಿನ ಮೂಲಕ. ಎಕ್ಸ್‌ಪಿಯನ್ನು ವರ್ಚುವಲ್ ಮಷೀನಿನೊಳಗೆ ಕೂರಿಸಿ, ಅದರ ನೆಟ್‌ವರ್ಕ್ ಕಡಿದುಬಿಟ್ಟರೆ ಆ ದಾರಿ ಮುಚ್ಚುತ್ತದೆ. ವರ್ಚುವಲ್‌ಬಾಕ್ಸ್ ಉಚಿತವಾಗಿಯೇ ಸಿಗುವಾಗ ಈ ಉಪಾಯವನ್ನು ಲೇಖನ ಹೆಸರಿಸುವುದೂ ಇಲ್ಲ.

ಅದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನಮ್ಮ ಎಷ್ಟೋ ಪುಸ್ತಕಗಳ ಕಡತಗಳು ಪೇಜ್‌ಮೇಕರಿನಲ್ಲಿ, ನುಡಿಯಂಥ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟಿಲ್ಲದ ಕಡೆ ತೆರೆದರೆ ‘ಕನ್ನಡ’ ಎಂಬ ಪದವೇ ಲ್ಯಾಟಿನ್ ಅಕ್ಷರಗಳ ನಡುವೆ ಪೌಂಡ್ ಚಿಹ್ನೆ ತುರುಕಿದ ಕಲಸುಮೇಲೋಗರವಾಗಿ ಕಾಣುತ್ತದೆ. “ಇನ್‌ಡಿಸೈನ್‌ಗೆ ಹೋಗಿ” ಎನ್ನುವುದು ಸುಲಭ. ಆದರೆ ಆ ಹೊಸ ತಂತ್ರಾಂಶದಲ್ಲಿ ಪೇಜ್‌ಮೇಕರ್ ಕಡತವನ್ನು ನೇರವಾಗಿ ತೆರೆಯುವ ಸೌಲಭ್ಯ ಸಿಎಸ್6 ಆವೃತ್ತಿಗೇ ಮುಗಿಯಿತು, ಅದೂ ಈಗ ಹಳೆಯ ತಂತ್ರಾಂಶವೇ. ಅಂದರೆ ಹೊಸದಕ್ಕೆ ದಾಟುವ ಸೇತುವೆಯನ್ನೇ ಮುರಿಯಿರಿ ಎಂದಂತಾಯಿತು.

ಮುದ್ರಣಾಲಯದವರ ಮೇಲೆ ಲೇಖನ ಹೊರಿಸಿದ ಸೋಮಾರಿತನದ ಆರೋಪವಂತೂ ಅನ್ಯಾಯ. ಯೂನಿಕೋಡಿಗೆ ಬದಲಿಸಲು ಪರಿವರ್ತಕಕ್ಕೆ ಹಾಕಿದ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ಹಳೆಯ ಪುಟದೊಂದಿಗೆ ಸಾಲುಸಾಲಾಗಿ ತಾಳೆ ನೋಡಬೇಕು. ಆ ಹಳೆಯ ಪುಟವನ್ನು ತೋರಿಸುವುದು ಪೇಜ್‌ಮೇಕರೇ. ಕೊನೆಯ ಕಡತ ಯೂನಿಕೋಡಿಗೆ ಬಂದ ಮೇಲೆ ಧಾರಾಳವಾಗಿ ಅಳಿಸಲಿ.