ಪಿನ್ ಒಂದಾಯಿತು, ಕೇಬಲ್ ಒಂದಾಗಲಿಲ್ಲ

ನೋಕಿಯಾ ಕಾಲದಲ್ಲಿ ನೆಂಟರ ಮನೆಗೆ ಹೋದವರು ಚಾರ್ಜರ್ ಕೇಳಿದರೆ ಬರುತ್ತಿದ್ದ ಮರುಪ್ರಶ್ನೆ ಒಂದೇ: ದಪ್ಪ ಪಿನ್ನಾ, ಸಣ್ಣ ಪಿನ್ನಾ? ಈಗ ಆ ತಾಪತ್ರಯ ಹೆಚ್ಚುಕಡಿಮೆ ತೀರಿದೆ. ಫೋನು, ಟ್ರಿಮ್ಮರ್, ಲ್ಯಾಪ್‌ಟಾಪ್ ಎಲ್ಲಕ್ಕೂ ಟೈಪ್ ಸಿ. ಆದರೂ ಗೋಳು ಮುಗಿದಿಲ್ಲ. ಲ್ಯಾಪ್‌ಟಾಪಿನ ಕೇಬಲ್ಲನ್ನು ಫೋನಿಗೆ ಹಾಕಿದರೆ ಚಾರ್ಜ್ ಆಗುತ್ತದೆ. ಫೋನಿನ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ‘ಸ್ಲೋ ಚಾರ್ಜರ್’ ಎಂಬ ದೂರು. ಟಿವಿಗೆಂದು ತಂದ ಅಡಾಪ್ಟರ್ ಅಣ್ಣನ ಫೋನಿನಲ್ಲಿ ಚಿತ್ರ ತೋರಿಸುತ್ತದೆ, ತಮ್ಮನ ಫೋನಿನಲ್ಲಿ ಬರೀ ಕಪ್ಪು ಪರದೆ.

ಯುಎಸ್‌ಬಿ ಹುಟ್ಟಿದ್ದೇ ಇಂಥ ಗೋಜಲು ಬಿಡಿಸಲು. ಪ್ರಿಂಟರ್, ಕೀಬೋರ್ಡ್, ಮೌಸ್, ಮೋಡೆಮ್ಮುಗಳಿಗೆ ತರಹೇವಾರಿ ಪೋರ್ಟುಗಳಿದ್ದ ದಿನಗಳಲ್ಲಿ, ವಡೋದರದಲ್ಲಿ ಓದಿ ಇಂಟೆಲ್ ಸೇರಿದ್ದ ಅಜಯ್ ಭಟ್ ಮತ್ತು ಅವರ ತಂಡ ಈ ಮಾದರಿಯ ಹಿಂದೆ ದುಡಿಯಿತು. ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಹೇಗೆ ತಿರುಗಿಸಿ ಹಾಕಿದರೂ ಕೂರುವ, 24 ಪಿನ್ನುಗಳ ಟೈಪ್ ಸಿ 2014ರಲ್ಲಿ ಬಂತು. 2023ರ ಐಫೋನ್ 15 ಕೂಡ ತನ್ನ ಲೈಟ್ನಿಂಗ್ ಬಿಟ್ಟು ಅದೇ ದಾರಿಗೆ ಬಂತು. 2024ರ ಡಿಸೆಂಬರ್ 28ರಿಂದ ಐರೋಪ್ಯ ಒಕ್ಕೂಟದಲ್ಲಿ ಹೊಸ ಫೋನು, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆ ಟೈಪ್ ಸಿ ಕಡ್ಡಾಯ.

ಆದರೆ ಟೈಪ್ ಸಿ ಎಂಬುದು ಪಿನ್ನಿನ ಆಕಾರದ ಹೆಸರು. ಒಳಗೆ ಏನು ಹರಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಮಾಮೂಲಿ ಯುಎಸ್‌ಬಿ 2.0 ಕೇಬಲ್ ಒಂದನ್ನು ಸೀಳಿ ನೋಡಿದರೆ ಸಾಮಾನ್ಯವಾಗಿ ನಾಲ್ಕು ತಂತಿ ಸಿಗುತ್ತವೆ. ಕೆಂಪು, ಕಪ್ಪು ವಿದ್ಯುತ್ತಿಗೆ. ಹಸಿರು, ಬಿಳಿ ಡೇಟಾಗೆ. ಕಾಸು ಉಳಿಸಲು ಹಸಿರು, ಬಿಳಿ ಎರಡನ್ನೂ ಕೈಬಿಟ್ಟ ಅಗ್ಗದ ಕೇಬಲ್ಲುಗಳುಂಟು. ಫೋನು ಚಾರ್ಜ್ ಆಗುತ್ತಿದ್ದರೂ ಕಂಪ್ಯೂಟರಿನಲ್ಲಿ ಕಾಣಿಸುವುದೇ ಇಲ್ಲ. ಫೋನ್ ಕೆಟ್ಟಿದೆ ಎಂದು ರಿಪೇರಿಯವನ ಬಳಿ ಓಡುವ ಮುಂಚೆ ಕೇಬಲ್ ಬದಲಿಸಿ ನೋಡಿದರೆ ಸಾಕು.

ಡೇಟಾ ಹೋಗುವ ಕೇಬಲ್ಲುಗಳಲ್ಲೂ ವೇಗ ಒಂದೇ ಅಲ್ಲ. ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. 20 ಜಿಬಿಯ ಮದುವೆ ವಿಡಿಯೊ ಸಾಗಲು ಕಾಗದದ ಲೆಕ್ಕದಲ್ಲೇ ಐದೂವರೆ ನಿಮಿಷ ಬೇಕು. 10 ಗಿಗಾಬಿಟ್ ವೇಗದಲ್ಲಾದರೆ ಅದಕ್ಕೆ 16 ಸೆಕೆಂಡು. ಎರಡೂ ಕೇಬಲ್ಲುಗಳ ತುದಿ ಮಾತ್ರ ಅವಳಿ ಜವಳಿ. ಐಫೋನ್ 15ರ ಸಾಧಾರಣ ಮಾದರಿಯ ಪೋರ್ಟ್ ಕೂಡ ಹಳೆಯ 480ರಲ್ಲೇ ನಿಂತಿದ್ದರೆ, ಪ್ರೊ ಮಾದರಿ 10 ಗಿಗಾಬಿಟ್ ಮುಟ್ಟುತ್ತದೆ.

ಚಾರ್ಜಿಂಗ್‌ನದೂ ಇದೇ ಕಥೆ. ಎರಡೂ ತುದಿ ಟೈಪ್ ಸಿ ಇರುವ ಮಾಮೂಲಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ ಸಾಗಿಸಬಲ್ಲದು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಕೇಬಲ್ಲಿನ ತುದಿಯೊಳಗೆ ‘ಇ-ಮಾರ್ಕರ್’ ಎಂಬ ಪುಟ್ಟ ಚಿಪ್ ಇರಬೇಕು. ಅದು ಕೇಬಲ್ಲಿನ ತಾಕತ್ತನ್ನು ಚಾರ್ಜರ್‌ಗೆ ತಿಳಿಸುತ್ತದೆ. ಚಿಪ್ ಇಲ್ಲದಿದ್ದರೆ ಚಾರ್ಜರ್ ಎಷ್ಟೇ ದೊಡ್ಡದಿರಲಿ, ಕೊಡುವುದನ್ನು ಅಳೆದು ಕೊಡುತ್ತದೆ.

ಅಡಾಪ್ಟರಿಗೂ ಅದರದೇ ಇತಿಮಿತಿ ಉಂಟು. ಹಳೆಯ ಮೈಕ್ರೊ ಯುಎಸ್‌ಬಿ ಫೋನಿಗೆ ಪೆನ್‌ಡ್ರೈವ್ ಸೇರಿಸುವ ಒಟಿಜಿ ತುಂಡಿನಲ್ಲಿ ಮಂತ್ರವೇನೂ ಇಲ್ಲ. ಅದರ ಐದು ಪಿನ್ನುಗಳಲ್ಲಿ ಒಂದನ್ನು ಗ್ರೌಂಡಿಗೆ ಸೇರಿಸಿರುತ್ತಾರೆ. ಅಷ್ಟರಿಂದಲೇ ಫೋನಿಗೆ ತಾನೀಗ ಯಜಮಾನ ಎಂದು ಗೊತ್ತಾಗುತ್ತದೆ. ಟಿವಿಗೆ ಹಾಕುವ ಎಚ್‌ಡಿಎಂಐ ಅಡಾಪ್ಟರಿನ ಕಥೆ ಬೇರೆ. ಟೈಪ್ ಸಿ ಪೋರ್ಟಿನಿಂದ ಚಿತ್ರ ಹೊರಗೆ ಕಳಿಸುವ ವ್ಯವಸ್ಥೆ ಫೋನಿನೊಳಗೇ ಇರಬೇಕು. ಎಷ್ಟೋ ಅಗ್ಗದ ಫೋನುಗಳಲ್ಲಿ ಅದಿಲ್ಲ. ಅಲ್ಲಿ ಅಡಾಪ್ಟರನ್ನು ಬೈದು ಫಲವಿಲ್ಲ.

ಕಳಪೆ ಕೇಬಲ್ ಬರೀ ಕಿರಿಕಿರಿಯಲ್ಲ, ಅಪಾಯವೂ ಹೌದು. ಗೂಗಲ್ ಎಂಜಿನಿಯರ್ ಬೆನ್ಸನ್ ಲೆಯುಂಗ್ 2015ರಲ್ಲಿ ಆನ್‌ಲೈನ್ ಮಾರಾಟದ ಕೇಬಲ್ಲುಗಳನ್ನು ತರಿಸಿ ಪರೀಕ್ಷಿಸತೊಡಗಿದರು. ಹಳೆಯ ಚಪ್ಪಟೆ ಪೋರ್ಟಿನಿಂದ ಟೈಪ್ ಸಿಗೆ ಹೋಗುವ ಕೇಬಲ್ಲಿನಲ್ಲಿ 56 ಕಿಲೋಓಮ್ ರೆಸಿಸ್ಟರ್ ಇರಬೇಕು. ಹಲವು ಕೇಬಲ್ಲುಗಳಲ್ಲಿ ಅದರ ಬದಲು ಬೇರೇನೋ ಇತ್ತು. ಹಾಗಾದಾಗ ಫೋನು ಚಾರ್ಜರಿನ ಶಕ್ತಿಗೆ ಮೀರಿ ಕರೆಂಟ್ ಎಳೆಯಲು ಹೋಗುತ್ತದೆ. 2016ರಲ್ಲಿ ತಂತಿಗಳನ್ನೇ ಅದಲುಬದಲಾಗಿ ಬೆಸೆದಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು.

ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲೇ ಉದ್ಯಮದವರನ್ನು ಕರೆದು ಟೈಪ್ ಸಿ ಬಗ್ಗೆ ಒಮ್ಮತ ಮೂಡಿಸಿತ್ತು. ಒಳ್ಳೆಯದೇ. ಆದರೆ ಪೋರ್ಟ್ ಒಂದು ಮಾಡಿದರೆ ಅರ್ಧ ಕೆಲಸವಾದಂತೆ. ಯುಎಸ್‌ಬಿ ಮಾದರಿ ರೂಪಿಸುವ ಸಂಸ್ಥೆಯ ಬಳಿ ವ್ಯಾಟ್, ಗಿಗಾಬಿಟ್ ತೋರಿಸುವ ಸರಳ ಲೋಗೊಗಳು ಈಗಾಗಲೇ ಇವೆ. ಅವನ್ನು ಹಾಕಲೇಬೇಕೆಂಬ ಒತ್ತಾಯವಿಲ್ಲ. ಬಲ್ಬಿನ ಮೇಲೆ ವ್ಯಾಟ್ ಬರೆದಿರುವಂತೆ ಪ್ರತಿ ಕೇಬಲ್ಲಿನ ತುದಿಯಲ್ಲೂ ಈ ಎರಡು ಅಂಕಿ ಅಚ್ಚಾಗಿರಬೇಕು ಎಂದು ಸರ್ಕಾರ ನಿಯಮ ಮಾಡಬೇಕು. ಅಲ್ಲಿಯವರೆಗೆ ಗ್ರಾಹಕರು ತಮ್ಮ ಫೋನು, ಲ್ಯಾಪ್‌ಟಾಪ್ ಜೊತೆಗೊಯ್ದು ಅಂಗಡಿಯಲ್ಲೇ ಚುಚ್ಚಿ ನೋಡಲಿ. ಎಷ್ಟು ವ್ಯಾಟ್, ಡೇಟಾ ಹೋಗುತ್ತದಾ ಎಂಬ ಪ್ರಶ್ನೆಗೆ ಅಂಗಡಿಯವನು ತಡವರಿಸಿದರೆ ಆ ಕೇಬಲ್ ಅಲ್ಲೇ ಇರಲಿ.